ಕಡಿಮೆ ದರವೆಲ್ಲ ಲಾಭವೇ? ಸರಬರಾಜುದಾರರ ಆಯ್ಕೆಗೊಂದು ಗಣಿತದ ಒರೆಗಲ್ಲು

ಯಾವುದೇ ಸಂಸ್ಥೆ ಸಾಮಗ್ರಿ ಕೊಳ್ಳಲು ಹೊರಟಾಗ ಎದುರಾಗುವ ಮೊದಲ ಪ್ರಶ್ನೆ, ಯಾರಿಂದ ಕೊಳ್ಳಬೇಕೆಂಬುದು. ನಮ್ಮಲ್ಲಿ ರೂಢವಾಗಿರುವ ಉತ್ತರ ಸರಳವಾದುದು: ಮೂರು ಕೊಟೇಶನ್ ತರಿಸಿ, ಕನಿಷ್ಠ ದರ ನಮೂದಿಸಿದವರಿಗೆ ಆರ್ಡರ್ ಕೊಡುವುದು. ಟೆಂಡರಿನ ಪರಿಭಾಷೆಯಲ್ಲಿ ಅವರೇ ‘ಎಲ್-1’. ಲೆಕ್ಕಪರಿಶೋಧಕರು ಕೇಳಿದರೆ ತೋರಿಸಲು ಕಾಗದವಿರುತ್ತದೆ ಎಂಬುದು ಈ ಪದ್ಧತಿಯ ಹಿರಿಮೆ. ಆದರೆ ಮಾಲು ತಡವಾಗಿ ಬಂದುದರಿಂದ ಆದ ನಷ್ಟ ಆ ಕಾಗದದಲ್ಲಿ ಕಾಣುವುದಿಲ್ಲ. ದರವನ್ನು ಬದಿಗಿಟ್ಟು ‘ಇವರು ನಂಬಿಕಸ್ಥರು’ ಎಂದು ಆರಿಸಿದರೆ ಪಕ್ಷಪಾತದ ಆರೋಪ ಬೆನ್ನಟ್ಟುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಗಣಿತಶಾಸ್ತ್ರವು ಒಂದು ಮಾರ್ಗವನ್ನು ತೋರಿದೆ.

ಖರೀದಿಯಲ್ಲಿ ದರವೊಂದೇ ಮುಖ್ಯವಲ್ಲವೆಂಬ ಅರಿವು ಹೊಸದೇನಲ್ಲ. 1966ರಲ್ಲಿ ಡಿಕ್ಸನ್ ಎಂಬ ವಿದ್ವಾಂಸರು ಖರೀದಿ ಅಧಿಕಾರಿಗಳನ್ನು ವಿಚಾರಿಸಿ 23 ಮಾನದಂಡಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಅಗ್ರಸ್ಥಾನ ದೊರೆತದ್ದು ಗುಣಮಟ್ಟಕ್ಕೆ. ರೂಪಾಯಿಯಲ್ಲಿ ಹೇಳುವ ದರ, ದಿನಗಳಲ್ಲಿ ಹೇಳುವ ವಿಳಂಬ, ಶೇಕಡಾವಾರು ಹೇಳುವ ದೋಷ, ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂಬುದೇ ತೊಡಕಾಗಿತ್ತು.

ಇಂಥದೇ ತೊಡಕಿನ ಬಗ್ಗೆ 1957ರಲ್ಲಿ ಫ್ಯಾರೆಲ್ ಬರೆದರು. ಅವರ ವಿಚಾರವನ್ನು ಬೆಳೆಸಿ 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಎಂಬ ಮೂವರು ಒಂದು ವಿಧಾನವನ್ನು ಮುಂದಿಟ್ಟರು. ಅದರ ಹೆಸರು ‘ಡೇಟಾ ಎನ್‌ವಲಪ್‌ಮೆಂಟ್ ಅನಾಲಿಸಿಸ್’, ಸಂಕ್ಷೇಪವಾಗಿ ಡಿಇಎ. ಅಮೆರಿಕದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗಾಗಿ ನಡೆದ ಕಾರ್ಯಕ್ರಮವೊಂದರ ಮೌಲ್ಯಮಾಪನವು ಅದರ ಹುಟ್ಟಿಗೆ ಕಾರಣವಾಯಿತು. ಮುಂದೆ ಅದು ಆಸ್ಪತ್ರೆ, ಬ್ಯಾಂಕುಗಳಿಗೂ ವಿಸ್ತರಿಸಿತು. 1986ರಿಂದ 1991ರವರೆಗಿನ ಅವಧಿಯಲ್ಲಿ ಭಾರತದ 70 ವಾಣಿಜ್ಯ ಬ್ಯಾಂಕುಗಳ ದಕ್ಷತೆಯನ್ನು ಅಳೆದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳೇ ಮುಂದಿದ್ದವೆಂದು ಅದು ತೋರಿಸಿತೆಂಬುದು ಬ್ಯಾಂಕ್ ಉದ್ಯೋಗಿಗಳಾದ ನಮಗೆ ಸಂತೋಷದ ಸಂಗತಿ.

ಕಲಾ ವಿಭಾಗದಲ್ಲಿ ಓದಿದ ನಮ್ಮಂಥವರಿಗೂ ಇದರ ತಿರುಳು ದುರ್ಗಮವೇನಲ್ಲ. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಕಚೇರಿಯೊಂದಕ್ಕೆ ಮುದ್ರಿತ ಫಾರ್ಮುಗಳನ್ನು ಒದಗಿಸುವ ನಾಲ್ವರಿದ್ದಾರೆನ್ನಿ. ಮಾಲಿನ ಗುಣಮಟ್ಟದಲ್ಲಿ ವ್ಯತ್ಯಾಸವಿಲ್ಲ. ‘ಅ’ ಎಂಬವರ ದರ ಕಟ್ಟಿಗೆ 400 ರೂಪಾಯಿ, ನೂರು ಆರ್ಡರುಗಳಲ್ಲಿ 12 ತಡ. ‘ಬ’ ಅವರದು 500 ರೂಪಾಯಿ, 6 ತಡ. ‘ಕ’ ಅವರದು 700 ರೂಪಾಯಿ, 3 ಮಾತ್ರ ತಡ. ‘ಡ’ ಅವರದು 600 ರೂಪಾಯಿ, 12 ತಡ.

ದರವನ್ನಷ್ಟೇ ನೋಡಿದರೆ ಮೊದಲು ಹೊರಬೀಳುವವರು 700 ರೂಪಾಯಿಯ ‘ಕ’. ಡಿಇಎ ಹಾಗೆ ಮಾಡುವುದಿಲ್ಲ. ಯಾವ ಅಂಶಕ್ಕೆ ಎಷ್ಟು ತೂಕ ಕೊಟ್ಟರೆ ತನಗೆ ಅತ್ಯಧಿಕ ಅಂಕ ಬರುವುದೋ ಅಷ್ಟು ತೂಕವನ್ನು ಆರಿಸಿಕೊಳ್ಳುವ ಅವಕಾಶ ಪ್ರತಿಯೊಬ್ಬರಿಗೂ ಉಂಟು. ಆದರೆ ಅದೇ ತೂಕದಲ್ಲಿ ಉಳಿದವರನ್ನೂ ಅಳೆಯಲಾಗುತ್ತದೆ, ಯಾರಿಗೂ ನೂರಕ್ಕಿಂತ ಹೆಚ್ಚು ಅಂಕವಿಲ್ಲ. ಅಗ್ಗದ ಬಲದಿಂದ ‘ಅ’, ಸಮಯಪಾಲನೆಯ ಬಲದಿಂದ ‘ಕ’, ಎರಡರ ಹದದಿಂದ ‘ಬ’ ನೂರು ಅಂಕ ಪಡೆಯುತ್ತಾರೆ. ‘ಡ’ ಅವರಿಗೆ ತಮಗೊಪ್ಪುವ ತೂಕವನ್ನೇ ಬಳಸಿದರೂ ದೊರೆಯುವುದು 75 ಅಂಕ. ಏಕೆಂದರೆ ‘ಅ’ ಮತ್ತು ‘ಬ’ ಇಬ್ಬರಿಂದ ಅರ್ಧರ್ಧ ಮಾಲು ಕೊಂಡರೆ ಸರಾಸರಿ ದರ 450 ರೂಪಾಯಿ, ತಡವಾಗುವುದು 9. ಇವೆರಡೂ ‘ಡ’ ಅವರ ಅಂಕಿಗಳ ಮುಕ್ಕಾಲು ಪಾಲು. ನಮ್ಮನ್ನು ಬೇರೆ ರೀತಿಯಲ್ಲಿ ಅಳೆಯಬೇಕಿತ್ತೆಂದು ‘ಡ’ ದೂರಲಾರರು; ಅಳತೆಗೋಲು ಅವರದೇ ಆಗಿತ್ತಲ್ಲವೇ! ಅಲ್ಲದೆ, ಎಷ್ಟು ಸುಧಾರಿಸಬೇಕೆಂಬುದೂ ಅವರಿಗೆ ತಿಳಿದಂತಾಯಿತು.

ಸರಬರಾಜುದಾರರ ಮೇಲೆ ಇದನ್ನು ಪ್ರಯೋಗಿಸಿದವರಲ್ಲಿ ವೆಬರ್ ಪ್ರಮುಖರು. ಶಿಶು ಆಹಾರ ತಯಾರಿಕಾ ಸಂಸ್ಥೆಯೊಂದಕ್ಕೆ ಒಂದೇ ಸಾಮಗ್ರಿಯನ್ನು ಒದಗಿಸುತ್ತಿದ್ದ ಆರು ಮಂದಿಯನ್ನು ಅವರು 1996ರ ಲೇಖನದಲ್ಲಿ ಹೀಗೆ ಅಳೆದರು. ಹಿಂದುಳಿದವರು ಸುಧಾರಿಸಿದರೆ ವೆಚ್ಚ, ವಿಳಂಬ, ತಿರಸ್ಕೃತ ಮಾಲು ಮೂರೂ ಗಣನೀಯವಾಗಿ ತಗ್ಗುವುವೆಂದು ತೋರಿಸಿದರು.

ಈ ಒರೆಗಲ್ಲಿಗೂ ಮಿತಿಗಳುಂಟು. ‘ಕ’ ತಮ್ಮ ದರವನ್ನು 7,000 ರೂಪಾಯಿಗೆ ಏರಿಸಿದರೂ ಸಮಯಪಾಲನೆಯೊಂದರ ಬಲದಿಂದ ನೂರು ಅಂಕವನ್ನೇ ಪಡೆಯುತ್ತಾರೆ! ಆದುದರಿಂದ ಪ್ರತಿ ಅಂಶದ ತೂಕಕ್ಕೆ ಮೇಲಿನ ಹಾಗೂ ಕೆಳಗಿನ ಮಿತಿಗಳನ್ನು ಕೊಳ್ಳುವವರು ಮೊದಲೇ ಗೊತ್ತುಪಡಿಸಬೇಕು. ಅಳೆಯಲ್ಪಡುವವರ ಸಂಖ್ಯೆ ಅಂಶಗಳ ಸಂಖ್ಯೆಯ ಮೂರು ಪಟ್ಟಾದರೂ ಇರಬೇಕೆಂಬುದು ರೂಢಿಯ ಸೂತ್ರ. ಇಲ್ಲವಾದರೆ ಬಹುತೇಕ ಎಲ್ಲರೂ ನೂರು ಅಂಕದವರೇ ಆಗಿಬಿಡುತ್ತಾರೆ. ನಮ್ಮ ನಾಲ್ವರ ಉದಾಹರಣೆ ತಿಳಿವಳಿಕೆಗಷ್ಟೇ. ನೂರು ಅಂಕವೆಂದರೆ ಇದ್ದವರಲ್ಲಿ ಉತ್ತಮರೆಂದು ಅರ್ಥವೇ ಹೊರತು ಪರಿಪೂರ್ಣರೆಂದಲ್ಲ. ಹಿಂದಿನ ದಾಖಲೆಯಿಲ್ಲದ ಹೊಸಬರನ್ನು ಈ ಲೆಕ್ಕ ಅಳೆಯಲಾರದು.

ಸರ್ಕಾರಿ ಖರೀದಿಯಲ್ಲೂ ಚಿಂತನೆ ಬದಲಾಗಿದೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು, ಗುಣಮಟ್ಟಕ್ಕೆ ಪ್ರಾಧಾನ್ಯವೆಂದು ಘೋಷಿಸಲಾದ ಕಾಮಗಾರಿ ಮತ್ತು ಸೇವೆಗಳಲ್ಲಿ ದರೇತರ ಅಂಶಗಳಿಗೆ ಶೇ. 30ರವರೆಗೆ ತೂಕ ಕೊಡಲು ಅನುಮತಿಸಿತು. ಅಲ್ಲಿ ತೂಕವನ್ನು ಮೊದಲೇ ನಿಗದಿಪಡಿಸಲಾಗುತ್ತದೆ. ಡಿಇಎಯಲ್ಲಿ ಅಂಕಿಗಳಿಂದಲೇ ತೂಕ ಹೊಮ್ಮುತ್ತದೆ.

ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೂ ಇದರಲ್ಲೊಂದು ಪಾಠವಿದೆ. ಅಡುಗೆಯವರು, ಶಾಮಿಯಾನದವರು, ಮುದ್ರಕರು ಇವರನ್ನು ವರ್ಷವರ್ಷವೂ ಗೊತ್ತುಮಾಡುವಾಗ ಸದಸ್ಯರಲ್ಲಿ ಏಳುವ ಗುಸುಗುಸು ನಮಗೆ ಅಪರಿಚಿತವಲ್ಲ. ಒಪ್ಪಿದ ದರವೆಷ್ಟು, ಕೊಟ್ಟ ಮಾತಿನ ದಿನ ಯಾವುದು, ಮಾಲು ಬಂದ ದಿನ ಯಾವುದು, ದೂರುಗಳೆಷ್ಟು, ಇಷ್ಟನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು; ಎಕ್ಸೆಲ್‌ನ ‘ಸಾಲ್ವರ್’ ಬಲ್ಲ ತರುಣರು ಉಳಿದ ಲೆಕ್ಕವನ್ನು ಮಾಡಿಯಾರು. ಯಾರನ್ನು ಕೈಬಿಡಬಹುದೆಂದು ಗಣಿತ ಹೇಳುತ್ತದೆ. ಉಳಿದ ‘ಅ’, ‘ಬ’, ‘ಕ’ರಲ್ಲಿ ಯಾರು ನಮಗೆ ತಕ್ಕವರೆಂದು ನಿರ್ಧರಿಸುವ ಹೊಣೆ ಸಮಿತಿಯದೇ. ಆ ನಿರ್ಧಾರದ ಕಾರಣವನ್ನು ಸಭೆಯ ನಡಾವಳಿಯಲ್ಲಿ ದಾಖಲಿಸಿದರೆ ಸದಸ್ಯರ ವಿಶ್ವಾಸವೂ ಉಳಿದೀತು.