ಹಿರಿಯರೇ ಪಠ್ಯವಾಗುವ ಕಾನೂನು ತರಗತಿ

1987ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಭೂಮಿಯ ಹಕ್ಕಿಗಾಗಿ ದೊಡ್ಡ ಮೊಕದ್ದಮೆಯೊಂದರ ವಿಚಾರಣೆ ಶುರುವಾಯಿತು. ಗಿಟ್‌ಕ್ಸಾನ್ ಮೂಲನಿವಾಸಿ ಸಮುದಾಯದ ಹಿರಿಯೆ ಮೇರಿ ಜಾನ್ಸನ್ ಸಾಕ್ಷಿ ನುಡಿಯುತ್ತ ತಮ್ಮ ಮನೆತನದ ಹಾಡೊಂದನ್ನು ಹಾಡಲು ಮುಂದಾದರು. ಆ ನೆಲ ತಮ್ಮದೆನ್ನುವುದಕ್ಕೆ ಹಾಡೇ ಅವರ ಪುರಾವೆ. ಕೋರ್ಟಿನಲ್ಲಿ ಹಾಡುವುದು ಸರಿಯಾದ ಕ್ರಮವಲ್ಲ, ಹಾಡು ಕೇಳಿ ತಿಳಿಯುವ ಕಿವಿಯೂ ತಮಗಿಲ್ಲ ಎಂದರು ನ್ಯಾಯಾಧೀಶ ಅಲನ್ ಮೆಕ್‌ಈಚರ್ನ್. 1991ರಲ್ಲಿ ಅವರು ಗಿಟ್‌ಕ್ಸಾನ್ ಮತ್ತು ವೆಟ್ಸುವೆಟೆನ್ ಜನರ ಬೇಡಿಕೆಯನ್ನು ತಳ್ಳಿಹಾಕಿದರು.

ಆದರೆ ‘ಡೆಲ್ಗಮೂಕ್’ ಎಂದೇ ಹೆಸರಾದ ಈ ಪ್ರಕರಣದಲ್ಲಿ 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೊಸ ವಿಚಾರಣೆಗೆ ಆದೇಶಿಸಿತು. ಬಾಯಿಂದ ಬಾಯಿಗೆ ಬಂದ ಇತಿಹಾಸಕ್ಕೂ ಲಿಖಿತ ದಾಖಲೆಗಳ ಪಕ್ಕದಲ್ಲಿ ಜಾಗ ಕೊಡಬೇಕೆಂದಿತು.

ಹಾಗಿದ್ದರೆ ಆ ಇತಿಹಾಸವನ್ನು ಆಲಿಸುವುದನ್ನು ವಕೀಲರು ಕಲಿಯುವುದೆಲ್ಲಿ? ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದ ವಸತಿ ಶಾಲೆಗಳ ಬಗ್ಗೆ ತನಿಖೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ, ಎಲ್ಲ ಕಾನೂನು ವಿದ್ಯಾರ್ಥಿಗಳಿಗೂ ಮೂಲನಿವಾಸಿಗಳು ಮತ್ತು ಕಾನೂನಿನ ಕುರಿತ ಪಾಠ ಕಡ್ಡಾಯವಾಗಬೇಕೆಂದು 2015ರಲ್ಲಿ ಕರೆಕೊಟ್ಟಿತು. 2018ರಲ್ಲಿ ವಿಕ್ಟೋರಿಯಾ ವಿಶ್ವವಿದ್ಯಾಲಯ ಕೆನಡಾದ ಕಾನೂನು, ಮೂಲನಿವಾಸಿಗಳ ಕಾನೂನು ಎರಡರಲ್ಲೂ ಪದವಿ ಕೊಡುವ ನಾಲ್ಕು ವರ್ಷಗಳ ಕೋರ್ಸ್ ತೆರೆಯಿತು.

ಇಂಥ ಕಲಿಕೆಯಲ್ಲಿ ಅತಿಥಿ ಉಪನ್ಯಾಸ ಬರೀ ಮೆರುಗಲ್ಲ. ಗಿಟ್‌ಕ್ಸಾನ್ ಮನೆತನದ ಇತಿಹಾಸಕ್ಕೆ ಆ ಮನೆತನವೇ ಒಡೆಯ. ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ಹೇಳುವಂತಿಲ್ಲ. ಆದ್ದರಿಂದ ಹೇಳುವ ಹಕ್ಕುಳ್ಳವರೇ ತರಗತಿಗೆ ಬರಬೇಕು. ಅನಿಶಿನಾಬೆ, ಕ್ರೀ ಮೂಲನಿವಾಸಿಗಳಲ್ಲಿ ನಾವು ವೀಳ್ಯ ಕೊಡುವಂತೆ ಮೊದಲು ಹೊಗೆಸೊಪ್ಪನ್ನು ಹಿರಿಯರ ಕೈಗಿಡುತ್ತಾರೆ. ಅವರು ಸ್ವೀಕರಿಸಿದರೆ ಮಾತಿಗೆ ಒಪ್ಪಿದಂತೆ. ಕೇಳಿದ ಕಥೆಯನ್ನು ತೀರ್ಪೊಂದನ್ನು ಓದುವ ಹಾಗೆ ಬಿಡಿಸಿ ನೋಡುವ ಕ್ರಮವನ್ನು ಕಾನೂನು ವಿದ್ವಾಂಸರಾದ ವ್ಯಾಲ್ ನೆಪೋಲಿಯನ್ ಮತ್ತು ಹ್ಯಾಡ್ಲಿ ಫ್ರೀಡ್‌ಲ್ಯಾಂಡ್ ರೂಪಿಸಿದ್ದಾರೆ. ಇಲ್ಲಿ ತೊಡಕು ಏನು? ಯಾರು, ಏನು ತೀರ್ಮಾನಿಸಿದರು? ಏಕೆ?

ಅತಿಥಿಗಳಲ್ಲಿ ವಕೀಲರು, ನ್ಯಾಯಾಧೀಶರು, ಸರ್ಕಾರದೊಂದಿಗೆ ಸಂಧಾನ ನಡೆಸುವವರೂ ಇರುತ್ತಾರೆ. ಇವರನ್ನು ಎದುರಿಗೆ ಕಾಣುವುದು ಮೂಲನಿವಾಸಿ ವಿದ್ಯಾರ್ಥಿಗೆ ಎಷ್ಟು ಮುಖ್ಯವೆಂಬುದು ಹಿಂದಿನದನ್ನು ನೋಡಿದರೆ ತಿಳಿಯುತ್ತದೆ. ಭೂಮಿಯ ಹಕ್ಕು ಕೇಳಲು ಮೂಲನಿವಾಸಿಗಳಿಂದ ಅನುಮತಿಯಿಲ್ಲದೆ ಹಣ ಕೂಡಿಸುವುದು 1927ರಿಂದ 1951ರವರೆಗೆ ಅಪರಾಧವಾಗಿತ್ತು. ಅಂದರೆ ವಕೀಲರನ್ನು ಇಟ್ಟುಕೊಳ್ಳುವ ದಾರಿಯೇ ಮುಚ್ಚಿತ್ತು. ಆ 1927ರಲ್ಲೇ ಹುಟ್ಟಿದ ಆಲ್ಫ್ರೆಡ್ ಸ್ಕೋ, ಬ್ರಿಟಿಷ್ ಕೊಲಂಬಿಯಾದಲ್ಲಿ ವಕೀಲಿ ಸನ್ನದು ಪಡೆದ ಮೊದಲ ಮೂಲನಿವಾಸಿಯಾದರು. 1971ರಲ್ಲಿ ಪ್ರಾಂತೀಯ ನ್ಯಾಯಾಧೀಶರೂ ಆದರು. ದೇಶದ ಸುಪ್ರೀಂ ಕೋರ್ಟಿಗೆ ಮೂಲನಿವಾಸಿಯೊಬ್ಬರು, ಅಬೆನಾಕಿ ಸಮುದಾಯದ ಮಿಶೆಲ್ ಒಬೊನ್ಸಾವಿನ್, ನೇಮಕವಾಗಲು 2022 ಬರಬೇಕಾಯಿತು.

ಹೀಗೆ ಕಲಿತವರಿಗೆ ಇಂದು ಕೆಲಸಗಳು ಹಲವು. 1999ರ ‘ಗ್ಲಾಡ್ಯೂ’ ತೀರ್ಪಿನ ಬಳಿಕ, ಶಿಕ್ಷೆ ನಿಗದಿಗೆ ಮುನ್ನ ಮೂಲನಿವಾಸಿ ಅಪರಾಧಿಯ ಕುಟುಂಬ ಮತ್ತು ಸಮುದಾಯ ಅನುಭವಿಸಿದ್ದನ್ನು ವಿವರಿಸುವ ವರದಿ ಬರೆಯುವವರು ಬೇಕಾಗಿದ್ದಾರೆ. ಮಕ್ಕಳ ರಕ್ಷಣೆಯಲ್ಲಿ ಸಮುದಾಯಗಳೇ ಕಾನೂನು ಮಾಡಿಕೊಳ್ಳಲು ಅವಕಾಶವಿರುವ ಕಾಯ್ದೆ 2020ರಲ್ಲಿ ಜಾರಿಗೆ ಬಂದಿದೆ. ಆ ಕಾನೂನುಗಳ ಕರಡು ಬರೆಯುವುದಕ್ಕೂ ತಿಳಿದವರು ಬೇಕು.

ಈ ಮಾತು ಕರ್ನಾಟಕಕ್ಕೂ ಹತ್ತಿರದ್ದು. ನಮ್ಮ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಪುರಾವೆಯೆಂದು ಒಪ್ಪುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು ಇದೇ ಕಾಯ್ದೆಯಡಿ. ಅಂಥ ಹೇಳಿಕೆಯನ್ನು ಕೇಳಿ, ಅರ್ಥ ಕೆಡದಂತೆ ಬರೆದುಕೊಳ್ಳಬಲ್ಲ ವಕೀಲರು ನಮಗೂ ಬೇಕು. ಸೋಲಿಗರ ಹಾಡಿಯಾದ ಪೋಡಿನ ಹಿರಿಯರನ್ನು ಅತಿಥಿಗಳಾಗಿ ಕರೆಸಲು ನಮ್ಮ ಕಾನೂನು ಕಾಲೇಜುಗಳು ಹೊಸ ಪಠ್ಯಕ್ರಮಕ್ಕಾಗಿ ಕಾಯಬೇಕಿಲ್ಲ.