ಜಾಲನಿಗಾ ತಂತ್ರಾಂಶಗಳಲ್ಲಿ ಸ್ಮೃತಿಮಿತಿಯ ದೋಷಗಳು: ಕಾರಣಶೋಧನೆಯ ಕ್ರಮ

ಗಣಕಜಾಲದ ಮೇಲೆ ಸದಾ ಕಣ್ಣಿಟ್ಟಿರುವ ಭದ್ರತಾ ನಿಗಾ ತಂತ್ರಾಂಶಗಳನ್ನು ನಿರ್ವಹಿಸುವವರು ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ದೋಷಸಂದೇಶವೆಂದರೆ, ನಿಗದಿಪಡಿಸಿದ ಸ್ಮೃತಿಯ ಮಿತಿ ತೀರಿಹೋಗಿದೆ ಎಂಬುದು. ಇದನ್ನು ಕಂಡೊಡನೆ ಸಂರಚನಾ ಕಡತವನ್ನು ತೆರೆದು, ಅಲ್ಲಿರುವ ಸಂಖ್ಯೆಯನ್ನು ಇಮ್ಮಡಿಗೊಳಿಸಿ, ತಂತ್ರಾಂಶವನ್ನು ಮರುಚಾಲನೆ ಮಾಡಿ ಸಮಾಧಾನಪಡುವುದು ರೂಢಿ. ಅನೇಕ ಸಂದರ್ಭಗಳಲ್ಲಿ ಈ ರೂಢಿಯು ರೋಗವನ್ನು ಮುಚ್ಚಿಡುತ್ತದೆ. ಯಾವ ಮಿತಿ ತೀರಿತು, ಅದು ತೀರಿದಾಗ ತಂತ್ರಾಂಶವು ಏನನ್ನು ಮರೆಯಿತು, ಹಾಗೆ ಮರೆಯುವಂತೆ ಮಾಡಿದ್ದು ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ನಂತರವೇ ಸಂಖ್ಯೆಯನ್ನು ಮುಟ್ಟಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

ಮೆಮೊರಿ ಎಂಬ ಶಬ್ದಕ್ಕೆ ಕನ್ನಡದಲ್ಲಿ ಸ್ಮೃತಿ, ಸ್ಮರಣೆ ಎಂಬ ಪದಗಳು ಬಳಕೆಯಲ್ಲಿವೆ. ಇತರ ತಂತ್ರಾಂಶಗಳ ವಿಷಯದಲ್ಲಿ ಇದು ಕೇವಲ ರೂಪಕವೆನಿಸಬಹುದು. ಜಾಲನಿಗಾ ತಂತ್ರಾಂಶದ ವಿಷಯದಲ್ಲಿ ಅಕ್ಷರಶಃ ಹೊಂದುತ್ತದೆ. ಜಾಲದಲ್ಲಿ ದತ್ತಾಂಶವು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಹರಿಯುತ್ತದೆ. ಆಕ್ರಮಣದ ಗುರುತನ್ನು ಎರಡು ತುಣುಕುಗಳಿಗೆ ಹಂಚಿ ಕಳುಹಿಸಿದರೆ, ತುಣುಕುಗಳನ್ನು ಬಿಡಿಬಿಡಿಯಾಗಿ ನೋಡುವ ಕಾವಲುಗಾರನಿಗೆ ಅದು ಕಾಣಿಸುವುದಿಲ್ಲ. ಥಾಮಸ್ ಪ್ಟಾಚೆಕ್ ಮತ್ತು ತಿಮೋತಿ ನ್ಯೂಶ್ಯಾಮ್ ಅವರು 1998ರಲ್ಲಿ ಪ್ರಕಟಿಸಿದ ಪ್ರಬಂಧವು ಇಂಥ ವಂಚನೆಗಳನ್ನು ವಿಸ್ತಾರವಾಗಿ ನಿರೂಪಿಸಿತು. ಆದುದರಿಂದ ಸ್ನಾರ್ಟ್, ಬ್ರೋ, ಸುರಿಕಾಟ ಮುಂತಾದ ತಂತ್ರಾಂಶಗಳು ಪ್ರತಿಯೊಂದು ಸಂಪರ್ಕಕ್ಕೂ ಒಂದೊಂದು ಖಾತೆ ತೆರೆದು, ಬಂದ ತುಣುಕುಗಳನ್ನು ಕ್ರಮವಾಗಿ ಜೋಡಿಸಿ, ಸಂಪರ್ಕ ಮುಗಿಯುವವರೆಗೆ ನೆನಪಿಟ್ಟುಕೊಳ್ಳುತ್ತವೆ. ಅವುಗಳ ಸ್ಮೃತಿಯಲ್ಲಿ ಇಲ್ಲದ್ದು ಅವುಗಳ ಪಾಲಿಗೆ ನಡೆದೇ ಇಲ್ಲ.

ಖಾತೆಯನ್ನು ಮುಚ್ಚುವುದು ಯಾವಾಗ ಎಂಬಲ್ಲಿಯೇ ತೊಡಕು ಆರಂಭವಾಗುತ್ತದೆ. ವರ್ನ್ ಪ್ಯಾಕ್ಸನ್ ಅವರು ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೂಪಿಸಿದ, 2018ರಿಂದ ಜೀಕ್ ಎಂಬ ಹೆಸರು ಪಡೆದಿರುವ ಬ್ರೋ ತಂತ್ರಾಂಶದ ಅನುಭವ ಇಲ್ಲಿ ಬೋಧಪ್ರದವಾದುದು. ಹೋಲ್ಗರ್ ಡ್ರೆಗರ್, ಆನ್ಯ ಫೆಲ್ಡ್‌ಮನ್, ಪ್ಯಾಕ್ಸನ್ ಮತ್ತು ರಾಬಿನ್ ಸೊಮರ್ ಅವರು 2004ರಲ್ಲಿ, ಭಾರಿ ಸಂಚಾರವುಳ್ಳ ಜಾಲಗಳಲ್ಲಿ ಈ ತಂತ್ರಾಂಶವನ್ನು ನಡೆಸಿದ ಅನುಭವವನ್ನು ದಾಖಲಿಸಿದರು. ಮುಕ್ತಾಯದ ಸೂಚನೆ ಕಾಣದ ಸಂಪರ್ಕಗಳ ಖಾತೆಗಳು ರಾಶಿಬಿದ್ದು ಸ್ಮೃತಿಯನ್ನು ತಿನ್ನುತ್ತಿದ್ದವು. ಕಾಲಾವಧಿ ಗೊತ್ತುಪಡಿಸಿ ಅವುಗಳನ್ನು ಅಳಿಸುವ ಏರ್ಪಾಡು ಅನಿವಾರ್ಯವಾಯಿತು. ಆದರೆ ಅವಧಿ ಮೀರಿದ್ದನ್ನು ಮರೆಯುತ್ತದೆಂದು ತಿಳಿದ ಆಕ್ರಮಣಕಾರನು ಆ ಅವಧಿ ಮೀರುವವರೆಗೆ ಸುಮ್ಮನೆ ಕಾಯಬಲ್ಲನು. ಎಲ್ಲವನ್ನೂ ನೆನಪಿಟ್ಟರೆ ಕುಸಿತ, ಬೇಗನೆ ಮರೆತರೆ ಕುರುಡು.

ಇನ್ನು ಮಿತಿಗಳ ವಿಚಾರ. ಒಂದೇ ಯಂತ್ರದಲ್ಲಿ ಕನಿಷ್ಠ ಮೂರು ಬಗೆಯ ಮಿತಿಗಳು ಇರುತ್ತವೆ. ಅವನ್ನು ಬೆರೆಸಿಕೊಳ್ಳುವುದೇ ಮೊದಲ ಪ್ರಮಾದ. ಕುತೂಹಲದ ಸಂಗತಿಯೆಂದರೆ, 134217728 ಎಂಬ ಒಂದೇ ಸಂಖ್ಯೆ ಎರಡು ಕಡೆ ತಲೆಹಾಕುತ್ತದೆ. ಪಿಎಚ್‌ಪಿ ಭಾಷೆಯ ಪೂರ್ವನಿಯೋಜಿತ ಮಿತಿ 128 ಎಂಬಿ ಎಂದರೆ ಇಷ್ಟೇ ಬೈಟುಗಳು. ಸುರಿಕಾಟದ ಸಂಪರ್ಕಕೋಷ್ಟಕದ, ಅಂದರೆ ಫ್ಲೋ ಮೆಮ್‌ಕ್ಯಾಪ್‌ನ, ಪೂರ್ವನಿಯೋಜಿತ ಮಿತಿಯೂ ಇಷ್ಟೇ. ಸಂಖ್ಯೆ ಒಂದಾದರೂ ಪರಿಣಾಮ ಒಂದಲ್ಲ. ಮೊದಲನೆಯದು ಎಚ್ಚರಿಕೆಗಳನ್ನು ಪರದೆಯ ಮೇಲೆ ತೋರಿಸುವ ವೀಕ್ಷಣಾಪುಟಕ್ಕೆ ಸೇರಿದ್ದು. 2000ರ ದಶಕದಲ್ಲಿ ಸ್ನಾರ್ಟ್‌ನೊಡನೆ ಬಳಸುತ್ತಿದ್ದ ಆಸಿಡ್, ಬೇಸ್ ಮುಂತಾದವು ಪಿಎಚ್‌ಪಿಯಲ್ಲಿ ರಚಿತವಾಗಿದ್ದವು. ಲಕ್ಷಾಂತರ ಎಚ್ಚರಿಕೆಗಳನ್ನು ದತ್ತಸಂಚಯದಿಂದ ಒಮ್ಮೆಗೇ ಎಳೆದುಕೊಳ್ಳಲು ಹೋದರೆ ಇಂಥ ಪುಟವು ದೋಷಸಂದೇಶ ನೀಡಿ ನಿಲ್ಲುತ್ತದೆ. ಇದು ನೋಡುವವನ ತೊಂದರೆ, ಕಾಯುವವನದಲ್ಲ. ನಿಗಾ ನಡೆದೇ ಇರುತ್ತದೆ. ಹಳೆಯ ಎಚ್ಚರಿಕೆಗಳನ್ನು ಬೇರೆಡೆಗೆ ಸಾಗಿಸಿ, ಪ್ರಶ್ನೆಯ ಕಾಲವ್ಯಾಪ್ತಿಯನ್ನು ಕಿರಿದಾಗಿಸಿದರೆ ಸಾಕು.

ಎರಡನೆಯದು ಕಾರ್ಯವ್ಯವಸ್ಥೆಯ ಮಿತಿ. ಲಿನಕ್ಸ್‌ನಲ್ಲಿ ಸ್ಮೃತಿ ಪೂರ್ಣವಾಗಿ ಬರಿದಾದಾಗ ಕರ್ನೆಲ್ ತಾನೇ ಒಂದು ಪ್ರಕ್ರಿಯೆಯನ್ನು ಆರಿಸಿ ಕೊಲ್ಲುತ್ತದೆ. ಬಲಿಯಾಗುವುದು ಸಾಮಾನ್ಯವಾಗಿ ಅತಿ ಹೆಚ್ಚು ಸ್ಮೃತಿ ಹಿಡಿದಿರುವ ನಿಗಾ ತಂತ್ರಾಂಶವೇ. ಇದರ ದಾಖಲೆ ತಂತ್ರಾಂಶದ ದಿನಚರಿಯಲ್ಲಿ ಇರುವುದಿಲ್ಲ, ಕರ್ನೆಲ್ ಸಂದೇಶಗಳಲ್ಲಿರುತ್ತದೆ. ಪ್ರತಿದಿನ ಒಂದೇ ವೇಳೆಗೆ ಹೀಗಾಗುತ್ತಿದ್ದರೆ ನಿಯಮಗಳ ನವೀಕರಣದ ವೇಳೆಯನ್ನು ಹೋಲಿಸಿ ನೋಡಬೇಕು. ಸುರಿಕಾಟವನ್ನು ನಿಲ್ಲಿಸದೆಯೇ ಹೊಸ ನಿಯಮಗಳನ್ನು ಸೇರಿಸುವಾಗ ಹಳೆಯ ನಿಯಮಸಮೂಹವೂ ಹೊಸದೂ ಕೆಲಕಾಲ ಒಟ್ಟಿಗೆ ಸ್ಮೃತಿಯಲ್ಲಿ ಇರಬೇಕಾಗುತ್ತದೆ. ನಿಯಮಗಳಾಗಲಿ, ಪ್ಯಾಕೆಟ್ ಹಿಡಿಯುವ ಉಂಗುರಕೋಶಗಳಾಗಲಿ ಮೆಮ್‌ಕ್ಯಾಪ್‌ಗಳ ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನು ಮರೆತು ಯಂತ್ರದ ಸ್ಮೃತಿಯನ್ನೆಲ್ಲ ಮೆಮ್‌ಕ್ಯಾಪ್‌ಗಳಿಗೆ ಹಂಚಿಬಿಡುವವರು ಕಡಿಮೆಯಿಲ್ಲ.

ಮೂರನೆಯದು ತಂತ್ರಾಂಶವು ತನಗೆ ತಾನೇ ವಿಧಿಸಿಕೊಂಡ ಮಿತಿ. ನಿಜವಾದ ಅಪಾಯವಿರುವುದು ಇಲ್ಲಿ, ಏಕೆಂದರೆ ಇಲ್ಲಿ ಯಾವುದೂ ಸದ್ದುಮಾಡಿ ಮುರಿದುಬೀಳುವುದಿಲ್ಲ. ಸುರಿಕಾಟದ ಸಂಪರ್ಕಕೋಷ್ಟಕ ತುಂಬಿದಾಗ ಅದು ತುರ್ತುಸ್ಥಿತಿಗೆ ಹೊರಳುತ್ತದೆ. ಸ್ಥಾಪಿತವಾದ ಟಿಸಿಪಿ ಸಂಪರ್ಕವೊಂದು ಮೌನವಾಗಿದ್ದರೆ ಸಾಮಾನ್ಯವಾಗಿ 600 ಸೆಕೆಂಡುಗಳ ಕಾಲ ನೆನಪಿಟ್ಟುಕೊಳ್ಳುವ ತಂತ್ರಾಂಶವು, ಪೂರ್ವನಿಯೋಜಿತ ಸಂರಚನೆಯಂತೆ, ತುರ್ತುಸ್ಥಿತಿಯಲ್ಲಿ ಅದನ್ನು 100 ಸೆಕೆಂಡುಗಳಿಗೆ ಇಳಿಸುತ್ತದೆ. ಹೀಗೆ ಮರೆತ ಸಂಪರ್ಕದಲ್ಲಿ ಮತ್ತೆ ಸಂಚಾರ ಆರಂಭವಾದರೆ, ನಡುವಿನಿಂದ ಎತ್ತಿಕೊಳ್ಳುವ ಆಯ್ಕೆಯನ್ನು ಸಕ್ರಿಯಗೊಳಿಸದ ಹೊರತು, ಅದರ ಪ್ರವಾಹವನ್ನು ತಂತ್ರಾಂಶವು ಮರುಜೋಡಿಸುವುದಿಲ್ಲ. ಸುಳ್ಳು ಸಂಪರ್ಕಯತ್ನಗಳ ಮಳೆಗರೆದು ಕೋಷ್ಟಕವನ್ನು ತುಂಬಿಸಿ, ತನ್ನ ನಿಜವಾದ ಸಂಪರ್ಕವನ್ನು ಎರಡು ನಿಮಿಷ ಸುಮ್ಮನಿರಿಸಿದವನಿಗೆ ಕಾವಲುಗಾರನ ಕಣ್ಣು ತಪ್ಪಿಸುವ ಅವಕಾಶ ದೊರೆಯುತ್ತದೆ. ಆ ದಿನದ ವರದಿಯಲ್ಲಿ ಆಕ್ರಮಣದ ಉಲ್ಲೇಖವೇ ಇರುವುದಿಲ್ಲ.

ಆದುದರಿಂದ ಶೋಧನೆ ಆರಂಭವಾಗಬೇಕಾದುದು ಅಂಕಿಅಂಶಗಳ ದಿನಚರಿಯಿಂದ. ಸುರಿಕಾಟವು ಇದನ್ನು ಪೂರ್ವನಿಯೋಜಿತವಾಗಿ 8 ಸೆಕೆಂಡುಗಳಿಗೊಮ್ಮೆ ಬರೆಯುತ್ತದೆ. ತುರ್ತುಸ್ಥಿತಿ ಪ್ರವೇಶದ ಎಣಿಕೆ, ಮೆಮ್‌ಕ್ಯಾಪ್‌ನಿಂದಾಗಿ ಬಿಟ್ಟ ಸೆಷನ್ ಮತ್ತು ಸೆಗ್ಮೆಂಟುಗಳ ಎಣಿಕೆ, ಮರುಜೋಡಣೆಯಲ್ಲಿ ಕಂಡ ಬಿರುಕುಗಳು, ಕರ್ನೆಲ್ ಕೈಬಿಟ್ಟ ಪ್ಯಾಕೆಟ್ಟುಗಳು — ಇವೆಲ್ಲ ತಂತ್ರಾಂಶ ಆರಂಭವಾದಂದಿನ ಒಟ್ಟು ಮೊತ್ತಗಳಾದ್ದರಿಂದ, ಎರಡು ದಾಖಲೆಗಳ ನಡುವಿನ ವ್ಯತ್ಯಾಸವನ್ನು ನೋಡಬೇಕೇ ಹೊರತು ಮೊತ್ತವನ್ನಲ್ಲ. ಯಾವುದು ಮೊದಲು ಏರಿತು ಎಂಬುದು ನಿರ್ಣಾಯಕ. ಕರ್ನೆಲ್ ಕೈಬಿಟ್ಟ ಎಣಿಕೆ ಮೊದಲು ಏರಿದ್ದರೆ ದೋಷ ಸ್ಮೃತಿಯದಲ್ಲ, ಸಂಸ್ಕಾರಕದ ವೇಗದ್ದು: ಬಿಟ್ಟುಹೋದ ತುಣುಕಿಗಾಗಿ ಕಾಯುತ್ತ ಉಳಿದ ತುಣುಕುಗಳು ಸ್ಮೃತಿಯಲ್ಲಿ ಕುಳಿತಿರುತ್ತವೆ. ಇಂಥಲ್ಲಿ ಮಿತಿಯನ್ನು ಏರಿಸಿದರೆ ಸೋರುವ ಕೊಡಕ್ಕೆ ಬದಲು ಸೋರುವ ಹಂಡೆಯನ್ನು ಇಟ್ಟಂತೆ. ಬಿರುಕುಗಳು ಮಾತ್ರ ಏರಿದ್ದರೆ ಸ್ವಿಚ್ಚಿನಿಂದ ಬರುವ ಪ್ರತಿಯಲ್ಲಿ ಒಂದೇ ದಿಕ್ಕಿನ ಸಂಚಾರ ಬರುತ್ತಿದೆಯೇ ಎಂದು ಪರೀಕ್ಷಿಸಬೇಕು. ಹೋಗುವ ಮತ್ತು ಬರುವ ಸಂಚಾರಕ್ಕೆ ಬೇರೆಬೇರೆ ವಿಲ್ಯಾನ್ ಗುರುತುಗಳಿದ್ದರೆ ಒಂದು ಸಂಪರ್ಕಕ್ಕೆ ಎರಡು ಖಾತೆಗಳು ತೆರೆಯುತ್ತವೆ. ಆ ಗುರುತನ್ನು ಲೆಕ್ಕಕ್ಕೆ ಹಿಡಿಯದಂತೆ ಸೂಚಿಸಿದೊಡನೆ ಇಮ್ಮಡಿ ಹೊರೆ ಇಳಿಯುತ್ತದೆ.

ಇವೆಲ್ಲ ಸರಿಯಿದ್ದು, ಸಂಚಾರವೇ ಹೆಚ್ಚಿದ್ದರೆ ಮಾತ್ರ ಮಿತಿಯನ್ನು ಏರಿಸುವುದು ಯುಕ್ತ. ಮರುಜೋಡಣೆಗೆ ಪೂರ್ವನಿಯೋಜಿತವಾದ ಮಿತಿ 256 ಎಂಬಿ. ಒಂದು ಪ್ರವಾಹವನ್ನು ಪರಿಶೀಲಿಸುವ ಆಳ 1 ಎಂಬಿ. ಪರಿಶೀಲಿಸಿದ ಭಾಗವನ್ನು ತಂತ್ರಾಂಶ ಆಗಿಂದಾಗ್ಗೆ ಬಿಡುವುದರಿಂದಲೇ ಇದು ಸಾಲುತ್ತದೆ, ಇಲ್ಲವಾದರೆ 256 ಪ್ರವಾಹಗಳಿಗೇ ಅದು ಮುಗಿಯಬೇಕಿತ್ತು.

ಸಂಚಾರದ ಮಾರ್ಗದಲ್ಲಿಯೇ ಕುಳಿತು ತಡೆಯುವ ವಿಧಾನದಲ್ಲಿ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಮಿತಿ ತೀರಿದಾಗ ಸಂಪರ್ಕವನ್ನು ಬಿಡಬೇಕೋ ತಡೆಯಬೇಕೋ ಎಂಬುದನ್ನು ನಿರ್ವಾಹಕರು ಸ್ಪಷ್ಟವಾಗಿ ನಿಗದಿಪಡಿಸುವ ಅವಕಾಶ 2023ರಲ್ಲಿ ಬಂದ ಸುರಿಕಾಟದ 7ನೆಯ ಆವೃತ್ತಿಯಲ್ಲಿದೆ. ಕೇವಲ ನೋಡುವ ವಿಧಾನದಲ್ಲಿ ತಡೆಯುವ ಮಾತೇ ಇಲ್ಲ. ಎಚ್ಚರಿಕೆಗಳ ದಾಖಲೆಯನ್ನು ಸಂಶೋಧನೆಗಾಗಿ ಕಾಪಿಡುವವರು ಅಂಕಿಅಂಶಗಳ ದಿನಚರಿಯನ್ನೂ ಅದರ ಜೊತೆಯಲ್ಲೇ ಇರಿಸಬೇಕು. ಅದಿಲ್ಲದಿದ್ದರೆ ಎಚ್ಚರಿಕೆಯೇ ಇಲ್ಲದ ಒಂದು ರಾತ್ರಿಯು ಶಾಂತವಾಗಿತ್ತೋ, ಅಥವಾ ಆ ರಾತ್ರಿ ಕೋಷ್ಟಕ ತುಂಬಿತ್ತೋ ಎಂದು ಮುಂದೆ ಯಾರಿಗೂ ಹೇಳಲಾಗುವುದಿಲ್ಲ.