ಪದೇ ಪದೇ ಉಳುಕುವ ಕಾಲು: ಗುರುತಿಸುವುದು ಹೇಗೆ, ಚಿಕಿತ್ಸೆ ಏನು?

ಸಮತಟ್ಟಾದ ರಸ್ತೆಯಲ್ಲಿ ನಡೆಯುವಾಗಲೂ ಕೆಲವರ ಪಾದ ಇದ್ದಕ್ಕಿದ್ದಂತೆ ಹೊರಳುತ್ತದೆ. ಸಣ್ಣ ಕಲ್ಲು ಸಾಕು, ಹೊಸ್ತಿಲು ಸಾಕು, ಆಟೋದಿಂದ ಇಳಿಯುವ ಒಂದು ಹೆಜ್ಜೆ ಸಾಕು. ನಾಲ್ಕು ದಿನ ಕುಂಟಿ, ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಮತ್ತೆ ಓಡಾಟ ಶುರು. ಎರಡು ತಿಂಗಳು ಬಿಟ್ಟು ಅದೇ ಕಾಲು ಮತ್ತೆ ಉಳುಕುತ್ತದೆ. "ಆ ಕಾಲು ಮೊದಲಿನಿಂದಲೂ ಹಾಗೇ" ಎಂದು ಮನೆಯವರೂ ಸುಮ್ಮನಾಗುತ್ತಾರೆ. ವಾಸ್ತವವಾಗಿ ಬಹುತೇಕ ಸಂದರ್ಭಗಳಲ್ಲಿ ಇದು ಯಾವುದೋ ಹಳೆಯ ಉಳುಕು ಪೂರ್ತಿ ವಾಸಿಯಾಗದೆ ಉಳಿದಿರುವುದರ ಫಲ. ವೈದ್ಯರು ಇದನ್ನು ಪಾದದ ಗಂಟಿನ ದೀರ್ಘಕಾಲದ ಅಸ್ಥಿರತೆ ಎಂದು ಕರೆಯುತ್ತಾರೆ. ಸರಿಯಾಗಿ ಗುರುತಿಸಿ ಕ್ರಮವಾಗಿ ವ್ಯಾಯಾಮ ಮಾಡಿದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಸರಿಹೋಗುತ್ತದೆ.

ಮೊಣಕಾಲಿನ ಕೆಳಗಿನ ಎರಡು ಮೂಳೆಗಳು ಪಾದದ ಮೂಳೆಗೆ ಸೇರುವ ಜಾಗವೇ ಪಾದದ ಗಂಟು. ಅದರ ಹೊರಬದಿಯಲ್ಲಿ ಮೂಳೆಯಿಂದ ಮೂಳೆಗೆ ಕಟ್ಟಿದ ಮೂರು ಗಟ್ಟಿ ಪಟ್ಟಿಗಳಿವೆ. ಇವೇ ಲಿಗಮೆಂಟ್‌ಗಳು. ಪಾದ ಒಳಕ್ಕೆ ಹೊರಳಿ ದೇಹದ ಭಾರವೆಲ್ಲ ಪಾದದ ಹೊರ ಅಂಚಿನ ಮೇಲೆ ಬಿದ್ದಾಗ ಈ ಪಟ್ಟಿಗಳು ಜಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಮೂರರಲ್ಲಿ ಮುಂದಿನದು ಎಲ್ಲಕ್ಕಿಂತ ದುರ್ಬಲ. ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ಅದೇ. ಊತ ಇಳಿದು ನೋವು ಹೋದ ಮಾತ್ರಕ್ಕೆ ಲಿಗಮೆಂಟ್ ಕೂಡಿಕೊಂಡಿತು ಎಂದಲ್ಲ. ಅದು ಬಲಗೊಳ್ಳಲು ತಿಂಗಳುಗಳೇ ಬೇಕು. ಆ ಮೊದಲೇ ಓಡಾಟ, ಆಟ, ಭಾರ ಹೊರುವುದು ಶುರುವಾದರೆ ಪಟ್ಟಿ ಉದ್ದವಾಗಿ, ಸಡಿಲವಾಗಿಯೇ ಉಳಿದುಬಿಡಬಹುದು.

ಸಡಿಲತೆ ಒಂದೇ ಕಾರಣವಲ್ಲ. ಲಿಗಮೆಂಟ್‌ನೊಳಗೆ ಸೂಕ್ಷ್ಮ ನರತುದಿಗಳಿರುತ್ತವೆ. ಪಾದ ಯಾವ ಕೋನದಲ್ಲಿದೆ, ಎತ್ತ ವಾಲುತ್ತಿದೆ ಎಂಬ ಸುದ್ದಿಯನ್ನು ಅವು ಕ್ಷಣಕ್ಷಣಕ್ಕೂ ಮಿದುಳಿಗೆ ಮುಟ್ಟಿಸುತ್ತಿರುತ್ತವೆ. ಪೆಟ್ಟು ಬಿದ್ದಾಗ ಈ ಸುದ್ದಿಯೂ ತಡವಾಗುತ್ತದೆ. ಪಾದ ಹೊರಳುತ್ತಿದೆ ಎಂದು ಕಣಕಾಲಿನ ಸ್ನಾಯುಗಳಿಗೆ ತಿಳಿಯುವಷ್ಟರಲ್ಲಿ ಪಾದ ಹೊರಳಿ ಆಗಿರುತ್ತದೆ. ಬ್ರಿಟನ್ನಿನ ವೈದ್ಯ ಫ್ರೀಮನ್ 1965ರಲ್ಲೇ ಈ ವಿಚಾರ ಮುಂದಿಟ್ಟು, ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಸಮತೋಲನ ಕಲಿಸುವ ಚಿಕಿತ್ಸೆಯನ್ನು ಸೂಚಿಸಿದರು. ಇಂದಿಗೂ ಫಿಸಿಯೋಥೆರಪಿ ಕೇಂದ್ರಗಳಲ್ಲಿ ಆ ಹಲಗೆ ಇರುತ್ತದೆ. ಎಕ್ಸ್-ರೇ, ಎಂಆರ್‌ಐ ಎಲ್ಲ ಸರಿಯಿದ್ದರೂ ಕಾಲು ಏಕೆ ಕೈಕೊಡುತ್ತದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಈ ತೊಂದರೆಯನ್ನು ಗುರುತಿಸುವುದು ಕಷ್ಟವಲ್ಲ. ಮೊದಲ ದೊಡ್ಡ ಉಳುಕಾಗಿ ಒಂದು ವರ್ಷ ಕಳೆದಿದೆ. ಆದರೂ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತಿದೆ, ಅಥವಾ ಉಳುಕದಿದ್ದರೂ ಈಗ ಹೊರಳೀತು ಎಂಬ ಅಳುಕು ಇದ್ದೇ ಇದೆ. ಮೆಟ್ಟಿಲು ಇಳಿಯುವಾಗ, ಮರಳಿನಲ್ಲಿ, ಗದ್ದೆಯ ಬದುವಿನ ಮೇಲೆ, ಕತ್ತಲಲ್ಲಿ ನಡೆಯುವಾಗ ಕೈ ತಾನಾಗಿ ಆಸರೆ ಹುಡುಕುತ್ತದೆ. ಸಂಜೆಯ ಹೊತ್ತಿಗೆ ಹೊರಗಿನ ಮೂಳೆಗುಬ್ಬಿನ ಮುಂದೆ ಸಣ್ಣ ಊತ ಬರುತ್ತದೆ. ಇಷ್ಟಿದ್ದರೆ ವೈದ್ಯರನ್ನು ಕಾಣಬೇಕು. ಮನೆಯಲ್ಲೇ ಒಂದು ಸುಲಭ ಪರೀಕ್ಷೆ ಮಾಡಬಹುದು. ಗೋಡೆಯ ಪಕ್ಕ ನಿಂತು, ಒಂದೊಂದೇ ಕಾಲಿನ ಮೇಲೆ ಎಷ್ಟು ಹೊತ್ತು ನಿಲ್ಲಲಾಗುತ್ತದೆ ಎಂದು ಎಣಿಸಿ ನೋಡುವುದು. ಒಂದು ಕಾಲು ಅರ್ಧ ನಿಮಿಷ ನಿಂತು ಇನ್ನೊಂದು ಐದು ಸೆಕೆಂಡಿಗೇ ನಡುಗಿದರೆ ಸಂಶಯಕ್ಕೆ ಕಾರಣವಿದೆ. ವಯಸ್ಸಾದವರು ಇದನ್ನು ಒಬ್ಬರೇ ಇದ್ದಾಗ ಮಾಡಬಾರದು.

ವೈದ್ಯರು ಹಿಮ್ಮಡಿಯನ್ನು ಹಿಡಿದು ಮುಂದಕ್ಕೆಳೆದು, ಪಕ್ಕಕ್ಕೆ ವಾಲಿಸಿ, ಎರಡೂ ಕಾಲುಗಳನ್ನು ಹೋಲಿಸುತ್ತಾರೆ. ಅನುಭವಿ ಕೈಗಳಿಗೆ ಸಡಿಲತೆ ಅಲ್ಲೇ ಗೊತ್ತಾಗುತ್ತದೆ. ಗಂಟಿನ ಆಳದಲ್ಲಿ ನೋವಿದ್ದರೆ ಅಥವಾ ಒಳಗೆ ಏನೋ ಸಿಕ್ಕಿಕೊಂಡಂತಾದರೆ ಎಂಆರ್‌ಐ ಬೇಕಾಗುತ್ತದೆ. ಮೂಳೆಯ ಮೇಲಿನ ನುಣುಪು ಪದರಕ್ಕೆ, ಅಂದರೆ ಮೃದ್ವಸ್ಥಿಗೆ, ಪೆಟ್ಟಾಗಿದೆಯೇ ಎಂದು ಅದರಲ್ಲಿ ಕಾಣುತ್ತದೆ. ಉದಾಸೀನ ಮಾಡಬಾರದೆಂದು ಹೇಳುವುದೂ ಈ ಪದರದ ಕಾರಣಕ್ಕೇ. ಮೊಣಕಾಲಿನ ಸವೆತ ಹೆಚ್ಚಾಗಿ ವಯಸ್ಸಿನಿಂದ ಬರುತ್ತದೆ, ಪಾದದ ಗಂಟಿನ ಸವೆತ ಹೆಚ್ಚಾಗಿ ಹಳೆಯ ಪೆಟ್ಟುಗಳಿಂದ ಬರುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಲೆಕ್ಕಕ್ಕಿಡದ ಉಳುಕುಗಳ ಸಾಲವನ್ನು ಐವತ್ತರಲ್ಲಿ ಬಡ್ಡಿ ಸಮೇತ ತೀರಿಸಬೇಕಾಗಬಹುದು.

ಹೊಸದಾಗಿ ಉಳುಕಿದಾಗ ನಮ್ಮ ಕಡೆ ಮೊದಲು ಮಾಡುವುದು ಉಳುಕು ತೆಗೆಸುವುದು. ಊದಿಕೊಂಡ ಗಂಟನ್ನು ಬಲವಾಗಿ ತಿಕ್ಕಿ, ಎಳೆದು, ಲಟಕ್ಕೆನ್ನಿಸಿದರೆ ಹರಿದ ಲಿಗಮೆಂಟ್ ಇನ್ನಷ್ಟು ಹರಿಯುತ್ತದೆ. ಹಿರಿಯರಿಗೆ ಇದನ್ನು ಒಪ್ಪಿಸುವುದು ಕಷ್ಟ, ಆದರೂ ಹೇಳಲೇಬೇಕು. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಡುವುದು, ಹದವಾಗಿ ಕ್ರೇಪ್ ಬ್ಯಾಂಡೇಜ್ ಸುತ್ತುವುದು, ಮಲಗುವಾಗ ಕಾಲಿನ ಕೆಳಗೆ ದಿಂಬು ಇಡುವುದು ಸಾಕು. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಅಥವಾ ಗಂಟಿನ ಎರಡು ಬದಿಯ ಮೂಳೆಗುಬ್ಬುಗಳ ಹಿಂಭಾಗವನ್ನೋ ತುದಿಯನ್ನೋ ಒತ್ತಿದಾಗ ತಡೆಯಲಾಗದ ನೋವಿದ್ದರೆ ಎಕ್ಸ್-ರೇ ತೆಗೆಸಬೇಕು. ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ರೂಪಿಸಿದ ಈ ನಿಯಮವನ್ನು ಜಗತ್ತಿನಾದ್ಯಂತ ತುರ್ತು ಚಿಕಿತ್ಸಾ ವಿಭಾಗಗಳು ಬಳಸುತ್ತವೆ.

ಹಳೆಯ ಅಸ್ಥಿರತೆಗೆ ಮುಖ್ಯ ಚಿಕಿತ್ಸೆ ವ್ಯಾಯಾಮ. ಅವಧಿ ಸುಮಾರು ಮೂರು ತಿಂಗಳು. ಹೆಚ್ಚಿನವರು ಸೋಲುವುದು ಇಲ್ಲೇ, ಏಕೆಂದರೆ ಮೂರು ವಾರಕ್ಕೇ ಹಗುರವೆನಿಸಿ ಬಿಟ್ಟುಬಿಡುತ್ತಾರೆ. ಮೊದಲು ಫಿಸಿಯೋಥೆರಪಿಸ್ಟ್ ಬಳಿ ಎರಡು ಮೂರು ಬಾರಿ ಹೋಗಿ ಸರಿಯಾದ ಕ್ರಮ ಕಲಿಯುವುದು ಒಳ್ಳೆಯದು. ಆಮೇಲೆ ಎಲ್ಲವೂ ಮನೆಯಲ್ಲೇ ಆಗುತ್ತದೆ. ಒಂದು ಕಾಲಿನ ಮೇಲೆ 30 ಸೆಕೆಂಡಿನಂತೆ ಮೂರು ಸಲ ನಿಲ್ಲುವುದರಿಂದ ಆರಂಭ. ಅದು ಸಲೀಸಾದ ಮೇಲೆ ಕಣ್ಣು ಮುಚ್ಚಿ, ಆನಂತರ ಮಡಚಿದ ಜಮಖಾನೆಯ ಮೇಲೆ, ಕೊನೆಗೆ ಹಾಗೆ ನಿಂತುಕೊಂಡೇ ಚೆಂಡು ಹಿಡಿಯುವುದು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಗಲ್ಲಾ ಪಕ್ಕದಲ್ಲೇ ನಿಂತು ಮಾಡಬಹುದು. ಅಡುಗೆಮನೆಯಲ್ಲಿ ಹಾಲು ಕಾಯುವಷ್ಟು ಹೊತ್ತೂ ಸಾಕು.

ಇದರ ಜೊತೆಗೆ ಸ್ನಾಯುಗಳಿಗೆ ಬಲ ಬೇಕು. ವ್ಯಾಯಾಮದ ರಬ್ಬರ್ ಪಟ್ಟಿಯ ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಪಾದಕ್ಕೆ ಸಿಕ್ಕಿಸಿ, ಪಾದವನ್ನು ನಿಧಾನವಾಗಿ ಹೊರಕ್ಕೆ ಎಳೆಯಬೇಕು. ಹೊರಳುವ ಪಾದವನ್ನು ತಡೆದು ಹಿಡಿಯುವುದು ಕಣಕಾಲಿನ ಹೊರಬದಿಯ ಸ್ನಾಯುಗಳು, ಹಾಗಾಗಿ ಈ ವ್ಯಾಯಾಮವನ್ನು ತಪ್ಪಿಸಬಾರದು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಮೀನಖಂಡ ಬಿಗಿದುಕೊಂಡವರು ಅದನ್ನು ಹಿಗ್ಗಿಸುವುದು, ನೆಲದ ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದೂ ಸೇರಬೇಕು. ನೋವು ಹೆಚ್ಚಿ ಮರುದಿನ ಊತ ಬಂದರೆ ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕೇ ಹೊರತು ನಿಲ್ಲಿಸಬಾರದು.

ಆಟ ಆಡುವಾಗ, ದೂರ ನಡೆಯುವಾಗ ಲೇಸ್ ಇರುವ ಅಥವಾ ಎರಡು ಬದಿಯಲ್ಲಿ ಪಟ್ಟಿ ಇರುವ ಬ್ರೇಸ್ ಒಳ್ಳೆಯ ರಕ್ಷಣೆ. ಸುಮ್ಮನೆ ಕಾಲುಚೀಲದಂತೆ ಏರಿಸುವ ಬಟ್ಟೆಯ ಪಟ್ಟಿಯಿಂದ ಬೆಚ್ಚಗಾಗುತ್ತದೆ ಅಷ್ಟೆ, ತಡೆ ಕಡಿಮೆ. ಚರ್ಮದ ವಸ್ತು ಬಳಸದ ಕುಟುಂಬಗಳು ಚಿಂತಿಸಬೇಕಿಲ್ಲ, ನೈಲಾನ್ ಮತ್ತು ಕೃತಕ ರಬ್ಬರಿನ ಬ್ರೇಸ್‌ಗಳು ಧಾರಾಳವಾಗಿ ಸಿಗುತ್ತವೆ. ನಮ್ಮವರು ಕೇಳಿ ತಿಳಿಯಬೇಕಾದ್ದು ಬೇರೆ ಇದೆ. ಕೀಲುಗಳಿಗೆಂದು ಮಾರುವ ಕೊಲಾಜೆನ್ ಪುಡಿ ಪ್ರಾಣಿಗಳ ಚರ್ಮ, ಮೂಳೆ ಅಥವಾ ಮೀನಿನಿಂದ ಬರುತ್ತದೆ. ಗ್ಲುಕೋಸಮೈನ್ ಮಾತ್ರೆಗಳು ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಾಗುತ್ತವೆ. ಸಡಿಲಗೊಂಡ ಲಿಗಮೆಂಟನ್ನು ಇವು ಬಿಗಿಮಾಡುವುದಿಲ್ಲ. ವೈದ್ಯರು ಬರೆದರೆ ಇದರ ಅಗತ್ಯವಿದೆಯೇ ಎಂದು ಸಂಕೋಚವಿಲ್ಲದೆ ಕೇಳಬಹುದು.

ಮೂರರಿಂದ ಆರು ತಿಂಗಳು ಮನಸ್ಸಿಟ್ಟು ವ್ಯಾಯಾಮ ಮಾಡಿಯೂ ಕಾಲು ಹೊರಳುತ್ತಲೇ ಇದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಸ್ವೀಡನ್ನಿನ ಬ್ರೋಸ್ಟ್ರಮ್ 1966ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಮೂಲ. ಸಡಿಲವಾದ ಲಿಗಮೆಂಟನ್ನು ಗಿಡ್ಡ ಮಾಡಿ ಮೂಳೆಗೆ ಮತ್ತೆ ಹೊಲಿಯುತ್ತಾರೆ. 1980ರಲ್ಲಿ ಗೌಲ್ಡ್ ಇದಕ್ಕೆ ಪಕ್ಕದ ಪೊರೆಯ ಬಲವನ್ನೂ ಸೇರಿಸಿದರು. ಆನಂತರ ಕೆಲವು ವಾರ ಪಟ್ಟಿ ಅಥವಾ ಬೂಟು, ಆಮೇಲೆ ಮತ್ತೆ ಅದೇ ವ್ಯಾಯಾಮ. ಆಟಕ್ಕೆ ಮರಳಲು ಹಲವು ತಿಂಗಳು ಹಿಡಿಯುತ್ತದೆ. ಹಿಮ್ಮಡಿ ಒಳಕ್ಕೆ ವಾಲಿರುವವರಿಗೆ ಮತ್ತು ಹುಟ್ಟಿನಿಂದಲೇ ಕೀಲುಗಳು ಸಡಿಲವಿರುವವರಿಗೆ ಬೇರೆ ಯೋಜನೆ ಬೇಕಾಗಬಹುದು.

ಬಾಸ್ಕೆಟ್‌ಬಾಲ್ ನೋಡುವ ಮಕ್ಕಳಿಗೆ ಸ್ಟೀಫನ್ ಕರ್ರಿ ಹೆಸರು ಗೊತ್ತಿರುತ್ತದೆ. ಅವರ ಬಲಗಾಲು ಪದೇ ಪದೇ ಉಳುಕಿ 2011 ಮತ್ತು 2012ರಲ್ಲಿ ಎರಡು ಬಾರಿ ಶಸ್ತ್ರಚಿಕಿತ್ಸೆಯಾಯಿತು. ಆಟವೇ ಮುಗಿಯಿತೇನೋ ಎಂಬ ಮಾತು ಕೇಳಿಬಂದಿತ್ತು. ಸೊಂಟ, ತೊಡೆಗಳ ಬಲ ಹೆಚ್ಚಿಸಿ ಪಾದದ ಮೇಲಿನ ಹೊರೆ ತಗ್ಗಿಸುವ ತಾಲೀಮು ಮಾಡಿ, ಬ್ರೇಸ್ ಧರಿಸಿ ಆಡಿದರು. 2015 ಮತ್ತು 2016ರಲ್ಲಿ ಎನ್‌ಬಿಎ ಲೀಗಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದರು. ಹೈಸ್ಕೂಲಿನ ಆಟಗಾರರಿಗೆ, ಭರತನಾಟ್ಯ ಕಲಿಯುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಬಹುದು. ಪಂದ್ಯಕ್ಕಾಗಿ, ರಂಗಪ್ರವೇಶಕ್ಕಾಗಿ ಊತವಿದ್ದ ಕಾಲಿಗೆ ನೋವಿನ ಮಾತ್ರೆ ಕೊಟ್ಟು ಕಳಿಸುವ ಪೋಷಕರಿಗೂ ಹೇಳಬೇಕು.

ಸಕ್ಕರೆ ಕಾಯಿಲೆ ಇರುವ ಹಿರಿಯರಲ್ಲಿ ಕಾಲು ಹೊರಳುವುದಕ್ಕೆ ಪಾದದ ಸ್ಪರ್ಶಜ್ಞಾನ ಕುಗ್ಗಿರುವುದೂ ಕಾರಣವಿರಬಹುದು. ಅವರು ಮೊದಲು ತಮ್ಮ ವೈದ್ಯರಿಗೆ ಪಾದ ತೋರಿಸಿ, ಆಮೇಲೆ ವ್ಯಾಯಾಮ ಆರಂಭಿಸಲಿ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬರಿಗಾಲಲ್ಲಿ ಹೋಗುವವರು ಒಂದು ವಿಷಯ ಗಮನಿಸಬೇಕು. ಬಂಡೆಯಲ್ಲೇ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುವಾಗ ದಣಿವು ಎದೆಗೆ, ಇಳಿಯುವಾಗ ಹೊರೆ ಪಾದದ ಗಂಟಿಗೆ. ದಣಿದ ಸ್ನಾಯು ತಡವಾಗಿ ಎಚ್ಚೆತ್ತುಕೊಳ್ಳುವುದರಿಂದ ಹೆಚ್ಚು ಜೋಪಾನ ಬೇಕಾದದ್ದು ಇಳಿಯುವಾಗಲೇ. ಕಾಲು ಹೊರಳುವ ತೊಂದರೆ ಇರುವವರು ಬಿಸಿಲೇರುವ ಮೊದಲೇ ಹೋಗಿ, ಕಂಬಿ ಹಿಡಿದು, ಬಲವಾದ ಕಾಲನ್ನು ಮೇಲಿನ ಮೆಟ್ಟಿಲಲ್ಲಿ ಊರಿಕೊಂಡು ತೊಂದರೆಯ ಕಾಲನ್ನು ಮೊದಲು ಕೆಳಗಿಡುತ್ತ, ಒಂದೊಂದೇ ಮೆಟ್ಟಿಲು ಇಳಿಯಬೇಕು. ಕಾಲುಚೀಲ ಹಾಕುವುದಿದ್ದರೆ ನುಣುಪಾದದ್ದು ಬೇಡ, ಅಡಿಯಲ್ಲಿ ರಬ್ಬರ್ ಚುಕ್ಕೆಗಳಿರುವುದು ಇರಲಿ. ಅಷ್ಟೂ ಆಗದವರಿಗೆ ಅಲ್ಲಿ ಡೋಲಿ ಇದೆ.